ಕರ್ತೃವಿಲ್ಲದ ಜಗತ್ತು: ಪ್ರಾಚೀನ ಕರ್ನಾಟಕದಲ್ಲಿ ಈಶ್ವರವಿಚಾರ

ದೇವರಿದ್ದಾನೆಂದು ಕೆಲವರು ನಂಬುವುದೇಕೆ, ಇಲ್ಲವೆಂದು ಕೆಲವರು ಹೇಳುವುದೇಕೆ ಎಂಬ ಪ್ರಶ್ನೆಗೆ ವಿದ್ಯಾವಂತರಲ್ಲಿ ಎರಡು ಸಿದ್ಧವಾದ ಉತ್ತರಗಳು ಬಳಕೆಯಲ್ಲಿವೆ. ನಂಬಿಕೆಯು ಅಜ್ಞಾನದಿಂದಲೂ ಭಯದಿಂದಲೂ ಹುಟ್ಟಿದುದೆಂಬುದು ಒಂದು. ಅಪನಂಬಿಕೆಯು ಅಹಂಕಾರದಿಂದಲೂ ಪಾಶ್ಚಾತ್ಯ ವಿದ್ಯೆಯ ಸಂಪರ್ಕದಿಂದಲೂ ಬಂದುದೆಂಬುದು ಇನ್ನೊಂದು. ಕನ್ನಡ ನಾಡಿನ ಚರಿತ್ರೆಯ ಮುಂದೆ ಇವೆರಡೂ ನಿಲ್ಲಲಾರವು. ಜಗತ್ತಿಗೆ ಕರ್ತನಿಲ್ಲವೆಂದು ತರ್ಕಬದ್ಧವಾಗಿ ಪ್ರತಿಪಾದಿಸಿದವರು ಈ ನಾಡಿನಲ್ಲಿ ಒಂದು ಸಾವಿರ ವರ್ಷಕ್ಕೂ ಹಿಂದೆಯೇ ಇದ್ದರು. ಅವರು ಅರಮನೆಯ ಹೊರಗೆ ನಿಂತ ದಂಗೆಕೋರರಾಗಿರಲಿಲ್ಲ. ಚಕ್ರವರ್ತಿಗಳ ಗುರುಗಳೂ ಉಗ್ರತಪಸ್ವಿಗಳೂ ಆಗಿದ್ದರು. ಅವರ ಎದುರಾಳಿಗಳು ಅಜ್ಞಾನಿಗಳಾಗಿರಲಿಲ್ಲ. ಭಾರತದ ಶ್ರೇಷ್ಠ ತಾರ್ಕಿಕರ ಸಾಲಿಗೆ ಸೇರಿದವರಾಗಿದ್ದರು. ಹಾಗಾದರೆ ಇವರಿಬ್ಬರ ನಡುವೆ ನಿಜವಾಗಿ ವಿವಾದಕ್ಕೆ ಬಿದ್ದಿದ್ದ ವಿಷಯ ಯಾವುದು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಶಬ್ದಗಳ ವಿಷಯ. ಇಂದು ದೇವರನ್ನು ನಂಬುವವನನ್ನು ಆಸ್ತಿಕನೆಂದೂ ನಂಬದವನನ್ನು ನಾಸ್ತಿಕನೆಂದೂ ಕರೆಯುವುದು ರೂಢಿ. ಪ್ರಾಚೀನರ ಪ್ರಯೋಗ ಹೀಗಿರಲಿಲ್ಲ. ಪಾಣಿನಿಯ ಸೂತ್ರವನ್ನು ವಿವರಿಸಿದ ವೈಯಾಕರಣರ ಪ್ರಕಾರ ಪರಲೋಕವುಂಟೆಂದು ತಿಳಿದವನು ಆಸ್ತಿಕ, ಇಲ್ಲವೆಂದು ತಿಳಿದವನು ನಾಸ್ತಿಕ. ಮನುಸ್ಮೃತಿಯ ಪ್ರಕಾರ ವೇದನಿಂದಕನೇ ನಾಸ್ತಿಕ. ಈ ಎರಡು ಲಕ್ಷಣಗಳಲ್ಲಿಯೂ ಈಶ್ವರನ ಮಾತೇ ಇಲ್ಲವೆಂಬುದು ಗಮನಾರ್ಹ. ಮಾಡಿದ ಕರ್ಮಕ್ಕೆ ಫಲವುಂಟೇ, ಸಾವಿನಾಚೆಗೂ ಅದರ ಲೆಕ್ಕ ಮುಂದುವರಿಯುವುದೇ ಎಂಬುದೇ ಪೂರ್ವಿಕರಿಗೆ ಮೂಲಪ್ರಶ್ನೆಯಾಗಿತ್ತು. ಆ ಲೆಕ್ಕವನ್ನು ನಡೆಸುವ ಅಧ್ಯಕ್ಷನೊಬ್ಬನು ಬೇಕೇ ಬೇಡವೇ ಎಂಬುದು ಅದರಿಂದ ಹುಟ್ಟಿದ ಎರಡನೆಯ ಪ್ರಶ್ನೆ. ಈ ಕ್ರಮವನ್ನು ಮರೆತರೆ ಆ ಕಾಲದ ವಾದಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ.

೧

ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಮಳಖೇಡವೆಂಬ ಸಣ್ಣ ಊರು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು (೮೧೪-೮೭೮) ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದನೆಂದು ಆಚಾರ್ಯರ ಶಿಷ್ಯ ಗುಣಭದ್ರನು ಹೇಳಿದ್ದಾನೆ. ತಮ್ಮ ಗುರು ವೀರಸೇನರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಕ ೭೫೯ರಲ್ಲಿ, ಎಂದರೆ ಕ್ರಿ. ಶ. ೮೩೭ರಲ್ಲಿ, ಮುಗಿಸಿದ ಜಿನಸೇನರು ಅನಂತರ ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸತೊಡಗಿದರು. ಅದರ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತನ ವಿಚಾರವು ಬರುತ್ತದೆ.

ಅವರ ವಾದದ ಸಾರವಿದು. ಜಗತ್ತು ಹುಟ್ಟುವುದಕ್ಕೆ ಮೊದಲು ಸೃಷ್ಟಿಕರ್ತನು ಎಲ್ಲಿದ್ದನು? ಸಾಮಗ್ರಿಯಿಲ್ಲದೆ ಸೃಷ್ಟಿಸಿದನೆಂದರೆ ಅದು ಯುಕ್ತವಲ್ಲ. ಸಾಮಗ್ರಿಯನ್ನು ಮೊದಲು ಸೃಷ್ಟಿಸಿದನೆಂದರೆ ಅದಕ್ಕೆ ಇನ್ನೊಂದು ಸಾಮಗ್ರಿ ಬೇಕಾಗಿ ಅನವಸ್ಥೆಯಾಗುತ್ತದೆ. ಅವನು ಕೃತಾರ್ಥನಾಗಿದ್ದರೆ ಸೃಷ್ಟಿಸಬೇಕೆಂಬ ಇಚ್ಛೆ ಹುಟ್ಟಲು ಕಾರಣವಿಲ್ಲ. ಕೃತಾರ್ಥನಲ್ಲದಿದ್ದರೆ ಕುಂಬಾರನಿಗಿಂತ ಹೆಚ್ಚಿನವನಲ್ಲ. ಲೀಲೆಗಾಗಿ ಸೃಷ್ಟಿಸಿದನೆಂದರೆ ಅದು ಬಾಲಚೇಷ್ಟೆ. ಕರುಣೆಯಿಂದ ಸೃಷ್ಟಿಸಿದನೆಂದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ? ಜೀವಿಗಳ ಕರ್ಮಕ್ಕೆ ತಕ್ಕಂತೆ ಸೃಷ್ಟಿಸುತ್ತಾನೆಂದರೆ ಕರ್ಮವೇ ಸಾಕಲ್ಲವೇ, ನಡುವೆ ಅವನೇಕೆ?

ಈ ಪ್ರಶ್ನೆಗಳಲ್ಲಿ ಮೊದಲಿನವು ತರ್ಕಶಾಲೆಯವು, ಕೊನೆಯವು ಹಾಗಲ್ಲ. ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲವೆಂಬ ಪ್ರಶ್ನೆಯನ್ನು ಮಗುವನ್ನು ಕಳೆದುಕೊಂಡ ತಾಯಿಯೂ ಕೇಳಬಲ್ಲಳು. ಜಿನಸೇನರ ನಿರಾಕರಣೆಯ ಮೂಲವು ಧರ್ಮದ ಬಗೆಗಿನ ಉದಾಸೀನತೆಯಲ್ಲ. ದುಃಖದ ಹೊಣೆಯನ್ನು ಒಬ್ಬ ಒಡೆಯನ ಮೇಲೆ ಹೊರಿಸಿದರೆ ಒಡೆಯನು ಕ್ರೂರಿಯಾಗುತ್ತಾನೆ, ಜೀವನು ಹೊಣೆಗೇಡಿಯಾಗುತ್ತಾನೆ ಎಂಬುದೇ ಅವರ ಆಕ್ಷೇಪ. ಹೊಣೆಯನ್ನು ಪೂರ್ಣವಾಗಿ ಜೀವನ ಮೇಲೆಯೇ ನಿಲ್ಲಿಸುವುದಕ್ಕಾಗಿ ಅವರು ಕರ್ತನನ್ನು ತೆಗೆದುಹಾಕಿದರು.

ವೇದವನ್ನೇ ಪರಮಪ್ರಮಾಣವೆಂದ ಮೀಮಾಂಸಕರೂ ಈ ವಿಷಯದಲ್ಲಿ ಜೈನರ ಜೊತೆಗೇ ನಿಂತರೆಂಬುದು ಹಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಜಿನಸೇನರಿಗಿಂತ ಮೊದಲೇ ಕುಮಾರಿಲ ಭಟ್ಟನು ತನ್ನ ಶ್ಲೋಕವಾರ್ತಿಕದಲ್ಲಿ ಸೃಷ್ಟಿಕರ್ತನನ್ನು ಇದೇ ಬಗೆಯ ಪ್ರಶ್ನೆಗಳಿಂದ ಖಂಡಿಸಿದ್ದನು. ಜೀವಿಗಳೇ ಇಲ್ಲದಾಗ ಕರುಣೆ ಯಾರ ಮೇಲೆ ಹುಟ್ಟಬೇಕು ಎಂಬುದು ಅವನ ಪ್ರಶ್ನೆಗಳಲ್ಲೊಂದು. ಮೀಮಾಂಸಕರ ಪ್ರಕಾರ ವೇದವು ಅಪೌರುಷೇಯ, ಅದನ್ನು ಈಶ್ವರನೂ ರಚಿಸಿದುದಲ್ಲ. ಯಜ್ಞದ ಫಲವು ಅಪೂರ್ವವೆಂಬ ಶಕ್ತಿಯಿಂದ ತಾನಾಗಿ ಒದಗುತ್ತದೆ, ಕೊಡುವವನೊಬ್ಬನು ಬೇಕಿಲ್ಲ. ಹೀಗೆ ಯಜ್ಞಶಾಲೆಯ ಶಾಸ್ತ್ರವೂ ಬಸದಿಯ ಶಾಸ್ತ್ರವೂ ಕರ್ತನಿಲ್ಲದ ಜಗತ್ತನ್ನೇ ಒಪ್ಪಿಕೊಂಡಿದ್ದುವು.

೨

ಎದುರು ಪಕ್ಷದ ವಾದವೂ ದುರ್ಬಲವಾದುದಲ್ಲ. ಕರ್ಮವು ಅಚೇತನ. ಅಚೇತನವಾದುದು ಯಾರಿಗೆ, ಯಾವಾಗ, ಎಷ್ಟು ಫಲ ಸಲ್ಲಬೇಕೆಂಬುದನ್ನು ತಾನೇ ನಿರ್ಣಯಿಸಲಾರದು. ಬಾಚಿಯು ಬಡಗಿಯ ಕೈಯಿಲ್ಲದೆ ಮರವನ್ನು ಕೆತ್ತುವುದಿಲ್ಲ. ಆದುದರಿಂದ ಕರ್ಮಗಳನ್ನು ಫಲದೊಡನೆ ಕೂಡಿಸುವ ಸರ್ವಜ್ಞನಾದ ಚೇತನನೊಬ್ಬನಿರಬೇಕು. ಇದು ನೈಯಾಯಿಕರ ಪ್ರಧಾನ ಯುಕ್ತಿಗಳಲ್ಲೊಂದು. ಈಶ್ವರಸಿದ್ಧಿಗಾಗಿಯೇ ನ್ಯಾಯಕುಸುಮಾಂಜಲಿಯನ್ನು ಬರೆದ ಉದಯನಾಚಾರ್ಯನು ಮಿಥಿಲೆಯವನಾದರೂ ಈ ಶಾಸ್ತ್ರದ ಅಭ್ಯಾಸ ಕನ್ನಡ ನಾಡಿನಲ್ಲಿಯೂ ಬಲವಾಗಿತ್ತು. ಬಳ್ಳಿಗಾವೆಯ ಕಾಳಾಮುಖರ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ತಿಳಿಸುತ್ತದೆ. ಪರಮಶೈವರ ಮಠದಲ್ಲಿಯೂ ಈಶ್ವರನನ್ನು ಒಪ್ಪದ ದರ್ಶನಗಳನ್ನು ಪಾಠ ಹೇಳುತ್ತಿದ್ದರು. ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿದ್ದುವೆಂದು ಅದೇ ಶಾಸನ ಹೇಳುತ್ತದೆ.

ವೇದಾಂತಿಗಳು ದುಃಖದ ಪ್ರಶ್ನೆಗೆ ಬೇರೊಂದು ರೀತಿಯಲ್ಲಿ ಉತ್ತರಿಸಿದರು. ಈಶ್ವರನಲ್ಲಿ ಪಕ್ಷಪಾತವೂ ಕ್ರೌರ್ಯವೂ ಇಲ್ಲವೆಂಬುದನ್ನು ನಿರೂಪಿಸಲು ಬ್ರಹ್ಮಸೂತ್ರಗಳಲ್ಲಿ ಒಂದು ಅಧಿಕರಣವೇ ಮೀಸಲಾಗಿದೆ. ಅಲ್ಲಿ ಶಂಕರಾಚಾರ್ಯರು ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ. ಮಳೆ ಎಲ್ಲ ಬೀಜಗಳಿಗೂ ಸಮಾನ; ಬತ್ತ ಬತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಆಯಾ ಬೀಜದ ಶಕ್ತಿಯಿಂದ. ಈಶ್ವರನು ಮಳೆಯಂತೆ, ಜೀವರ ಕರ್ಮ ಬೀಜದಂತೆ. ಜೈನರು ಕರ್ಮವೇ ಸಾಕೆಂದರು, ವೇದಾಂತಿಗಳು ಕರ್ಮಕ್ಕೆ ಮಳೆಯೂ ಬೇಕೆಂದರು. ಬೀಜದ ಹೊಣೆಯನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯುಂಟು. ಈಶ್ವರನನ್ನು ತರ್ಕದಿಂದ ಸಾಧಿಸಬಹುದೆಂಬ ನೈಯಾಯಿಕರ ನಿಲುವನ್ನು ಪರಮಭಕ್ತರಾದ ರಾಮಾನುಜಾಚಾರ್ಯರೇ ಶ್ರೀಭಾಷ್ಯದಲ್ಲಿ ಖಂಡಿಸಿದ್ದಾರೆ. ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕೆಂದರೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತರು ಏಕಿರಬಾರದು, ಆ ಕರ್ತನಿಗೆ ಶರೀರವಿರಬೇಡವೇ ಎಂದು ಅವರು ಕೇಳುತ್ತಾರೆ. ಈಶ್ವರನನ್ನು ತಿಳಿಸುವುದು ಶಾಸ್ತ್ರವೊಂದೇ ಎಂಬುದು ಅವರ ಮತ. ಉಡುಪಿಯ ಮಧ್ವಾಚಾರ್ಯರೂ ವಿಷ್ಣುವು ಸದಾಗಮಗಳಿಂದಲ್ಲದೆ ತಿಳಿಯಬರುವವನಲ್ಲವೆಂದರು. ಹೀಗಾಗಿ ಯುಕ್ತಿಯಿಂದ ಈಶ್ವರನು ಸಿದ್ಧನಾಗುವುದಿಲ್ಲವೆಂಬ ಅಂಶದಲ್ಲಿ ಜಿನಸೇನರಿಗೂ ರಾಮಾನುಜರಿಗೂ ಭೇದವಿಲ್ಲ. ಒಂದೇ ತರ್ಕವನ್ನು ಒಪ್ಪಿದ ಇಬ್ಬರಲ್ಲಿ ಒಬ್ಬರು ಬಸದಿಗೆ, ಮತ್ತೊಬ್ಬರು ನಾರಾಯಣನ ಸನ್ನಿಧಿಗೆ ನಡೆದರು. ಆದುದರಿಂದ ನಂಬಿಕೆ ಅಪನಂಬಿಕೆಗಳನ್ನು ನಿರ್ಣಯಿಸಿದುದು ಪ್ರಮಾಣಶಾಸ್ತ್ರವಲ್ಲ. ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ.

೩

ಆ ಕಾರಣಗಳನ್ನು ತಿಳಿಯಲು ಗ್ರಂಥಗಳಿಂದ ಮನೆಗಳಿಗೆ ಬರಬೇಕು. ಆದಿಕವಿ ಪಂಪನ ಮನೆತನವು ಮೊದಲ ಉದಾಹರಣೆ. ವೆಂಗಿ ನಾಡಿನ ಬ್ರಾಹ್ಮಣ ವಂಶವದು; ಪೂರ್ವಜನಾದ ಮಾಧವ ಸೋಮಯಾಜಿ ಯಜ್ಞಗಳನ್ನು ಮಾಡಿ ಹೆಸರಾದವನು. ಪಂಪನ ತಂದೆ ಭೀಮಪಯ್ಯನು ಜೈನಧರ್ಮವನ್ನು ಸ್ವೀಕರಿಸಿದನು. ಉತ್ತಮ ಕುಲದವನಿಗೆ ನಂಬತಕ್ಕ ಉತ್ತಮ ಧರ್ಮ ಇದೇ ಎಂದು ತಂದೆ ವಿಚಾರಿಸಿ ನಿರ್ಧರಿಸಿದನೆಂಬ ಅರ್ಥದಲ್ಲಿ ಪಂಪನು ಹೇಳುತ್ತಾನೆ. ಸೋಮಯಾಜಿಯ ಹೋಮಧೂಮವು ಅವನ ಕೀರ್ತಿಗೆ ಕಲೆಯಾಯಿತೆಂಬ ಭಾವವೂ ಅಲ್ಲಿಯೇ ಬರುತ್ತದೆ. ಭೀಮಪಯ್ಯನು ದೇವರಿಂದ ನಿರೀಶ್ವರತೆಗೆ ಹೋದನೆಂದು ಹೇಳುವಂತಿಲ್ಲ. ಸೋಮಯಾಗದ ಶಾಸ್ತ್ರವಾದ ಮೀಮಾಂಸೆಯಲ್ಲಿಯೂ ಸೃಷ್ಟಿಕರ್ತನಿರಲಿಲ್ಲವಷ್ಟೆ. ಅವನನ್ನು ಕದಲಿಸಿದುದು ಯಜ್ಞದ ಹಿಂಸೆಯೆಂದು ಆ ಹೊಗೆಯ ಮಾತಿನಿಂದ ಊಹಿಸಬಹುದು. ಮನುಷ್ಯನು ಮತವನ್ನು ಬದಲಿಸುವುದು ಅನೇಕ ವೇಳೆ ಸೃಷ್ಟಿಯ ಸಿದ್ಧಾಂತಕ್ಕಾಗಿ ಅಲ್ಲ, ಹೇಗೆ ಬಾಳಬೇಕೆಂಬ ಪ್ರಶ್ನೆಗಾಗಿ.

ಪಂಪನು ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ, ಜಿನಸೇನರನ್ನು ಅನುಸರಿಸಿ, ಮಹಾಬಲನೆಂಬ ಅರಸನ ಸಭೆಯ ಪ್ರಸಂಗವನ್ನು ತಂದಿದ್ದಾನೆ. ನಾಲ್ವರು ಮಂತ್ರಿಗಳಲ್ಲಿ ಮಹಾಮತಿಯು ಚಾರ್ವಾಕಮತವನ್ನು ಮಂಡಿಸುತ್ತಾನೆ. ಹಿಟ್ಟು ಬೆಲ್ಲಗಳ ಸಂಯೋಗದಿಂದ ಅಮಲು ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆ, ಶರೀರದೊಡನೆ ಅಳಿಯುತ್ತದೆ; ಪರಲೋಕವಿಲ್ಲ, ಪುಣ್ಯಪಾಪಗಳಿಲ್ಲ ಎಂಬುದು ಆ ಮತ. ಸ್ವಯಂಬುದ್ಧನೆಂಬ ಜೈನಮಂತ್ರಿಯು ಇದನ್ನೂ ಉಳಿದಿಬ್ಬರ ಬೌದ್ಧಪಕ್ಷಗಳನ್ನೂ ಖಂಡಿಸುತ್ತಾನೆ. ಮಿಥ್ಯಾವಾದಿಗಳಾದ ಮೂವರಿಗೂ ಮುಂದೆ ದುರ್ಗತಿಯಾಗುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನಿಗೂ ಇಲ್ಲಿ ಅಸಹ್ಯವಾದುದು ಒಂದೇ: ಕರ್ಮದ ಲೆಕ್ಕವೇ ಇಲ್ಲವೆಂಬ ಮಾತು. ಲೆಕ್ಕಿಗನಿಲ್ಲವೆನ್ನುವವನು ಧಾರ್ಮಿಕನಾಗಿರಬಲ್ಲನು, ಲೆಕ್ಕವೇ ಇಲ್ಲವೆನ್ನುವವನು ಮಾತ್ರ ನಾಸ್ತಿಕನು. ಶೈವನೂ ವೈಷ್ಣವನೂ ಜೈನನೂ ಅಂಜಿದುದು ಮಾಡಿದುದಕ್ಕೆ ಪ್ರತಿಫಲವಿಲ್ಲದ, ಅನುಭವಿಸಿದುದಕ್ಕೆ ಕಾರಣವಿಲ್ಲದ ಜಗತ್ತಿಗೆ.

ಆದರೆ ಲೆಕ್ಕವೊಂದರಿಂದಲೇ ಮನುಷ್ಯನು ತೃಪ್ತನಾಗುವುದಿಲ್ಲ. ಶಕ ೭೯೩ರ, ಎಂದರೆ ೮೭೧ರ, ಸಂಜಾನ ತಾಮ್ರಶಾಸನದಲ್ಲಿ ಒಂದು ಸಂಗತಿ ದಾಖಲಾಗಿದೆ. ಪ್ರಜೆಗಳಿಗೆ ಒದಗಿದ ಉಪದ್ರವವನ್ನು ನೀಗಿಸಲು ಅಮೋಘವರ್ಷನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನಂತೆ. ಒಡೆಯನೊಬ್ಬನು ದುಃಖವನ್ನು ಕೊಡುವುದೂ ಇಲ್ಲ, ತೆಗೆಯುವುದೂ ಇಲ್ಲ ಎಂದ ಆಚಾರ್ಯರ ಶಿಷ್ಯನೇ ಈ ಅರಸನು. ಇದನ್ನು ಅವಿವೇಕವೆಂದೋ ಕಪಟವೆಂದೋ ತಳ್ಳಿಹಾಕುವುದು ಸುಲಭ. ತನ್ನ ದುಃಖವನ್ನು ಪೂರ್ವಕರ್ಮವೆಂದು ಸಹಿಸಬಲ್ಲವನಿಗೂ ತನ್ನನ್ನು ನಂಬಿದವರ ದುಃಖವನ್ನು ಹಾಗೆ ಸಹಿಸಲಾಗದೆ ಹೋಗಬಹುದೆಂಬುದೇ ಇಲ್ಲಿ ಕಾಣುವ ಸತ್ಯ. ಜೈನಸಂಘವೂ ಈ ಅಗತ್ಯವನ್ನು ಅರಿತುಕೊಂಡಿತು. ವೀತರಾಗನಾದ ಜಿನನು ವರವನ್ನು ಕೊಡಲಾರನು. ಆದುದರಿಂದ ಅವನ ಪಕ್ಕದಲ್ಲಿ ಯಕ್ಷಿಯರು ನಿಂತರು. ಇಂದ್ರನಂದಿಯು ಜ್ವಾಲಾಮಾಲಿನೀಕಲ್ಪವನ್ನು ೯೩೯ರಲ್ಲಿ ಮುಗಿಸಿದುದು ಅದೇ ಮಾನ್ಯಖೇಟದಲ್ಲಿ. ಹೊಂಬುಜದ ಪದ್ಮಾವತಿಯ ಸನ್ನಿಧಿಗೆ ಇಂದಿಗೂ ಭಕ್ತರು ಹರಕೆ ಹೊತ್ತು ಬರುತ್ತಾರೆ. ಸಿದ್ಧಾಂತವು ಮುಚ್ಚಿದ ಬಾಗಿಲನ್ನು ಸಂಕಟವು ಮತ್ತೆ ತೆರೆಯಿಸಿತು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಮನೆಯಲ್ಲಿ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನೆ. ಗಂಡನು ಬೇಲೂರಿನ ಕೇಶವನನ್ನು ಪ್ರತಿಷ್ಠಿಸಿದ ವೈಷ್ಣವ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಶಾಂತಲೆ ಕಟ್ಟಿಸಿದುದು. ಅವಳು ೧೧೩೧ರಲ್ಲಿ ಶಿವಗಂಗೆಯಲ್ಲಿ ಮರಣಹೊಂದಿದಳು. ಮಗಳಿಲ್ಲದ ಮೇಲೆ ಬದುಕಿರಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಂನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಅವಳ ಧರ್ಮದಲ್ಲಿ ಮಗಳನ್ನು ಕಿತ್ತುಕೊಂಡ ದೇವರಿರಲಿಲ್ಲ. ಆದುದರಿಂದ ಬೈಯುವುದಕ್ಕೂ ಬೇಡುವುದಕ್ಕೂ ಯಾರೂ ಇರಲಿಲ್ಲ. ಬರಿಯ ಜಡತರ್ಕದ ಮೇಲೆ ನಿಂತವರಿಗೆ ಅಂಥ ಸಾವು ಸಾಧ್ಯವಾಗದು. ಕರ್ತನಿಲ್ಲವೆಂಬುದೂ ಒಂದು ಶ್ರದ್ಧೆಯಾಗಬಲ್ಲುದೆಂಬುದಕ್ಕೆ ಚಂದ್ರಗಿರಿಯ ಬಂಡೆಗಳ ಮೇಲಿನ ಎಷ್ಟೋ ನಿಷಿಧಿ ಶಾಸನಗಳು ಸಾಕ್ಷಿಯಾಗಿವೆ. ಮಗಳು, ತಾಯಿ, ತಂದೆ, ಅಳಿಯ ಇವರ ನಡುವಿನ ಮತಭೇದವು ಆ ಮನೆಯನ್ನು ಒಡೆಯಿತೆಂದು ಯಾವ ಶಾಸನವೂ ಹೇಳುವುದಿಲ್ಲ. ಮಗಳು ಸತ್ತ ಎರಡೇ ವರ್ಷಕ್ಕೆ, ೧೧೩೩ರಲ್ಲಿ, ದೋರಸಮುದ್ರದ ಹೊಸ ಬಸದಿಯಿಂದ ಬಂದ ಪ್ರಸಾದವನ್ನು ವಿಷ್ಣುವರ್ಧನನು ಆದರದಿಂದ ಸ್ವೀಕರಿಸಿ, ಅಲ್ಲಿಯ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರನ್ನಿಟ್ಟನು.

೪

ಮನೆಯೊಳಗೆ ಸಾಧ್ಯವಾದುದು ಬೀದಿಯಲ್ಲಿ ಯಾವಾಗಲೂ ಸಾಧ್ಯವಾಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರ ಭಕ್ತಿಯು ಹೊಸ ನಂಬಿಕೆಯೊಂದನ್ನು ತಂದಿತು. ಅವರ ಶಿವನು ಗಡಿಗೆಯಿಂದ ಊಹಿಸಬೇಕಾದ ಕುಂಬಾರನಲ್ಲ, ಕರೆದರೆ ಓಗೊಡುವ ಒಡೆಯ. ಕರ್ಮದ ಲೆಕ್ಕವನ್ನು ಬರೆಯುವವನಷ್ಟೇ ಅಲ್ಲ, ಕೃಪೆಯಿಂದ ಅದನ್ನು ಅಳಿಸಬಲ್ಲವನು. ಜನ್ಮದಿಂದಲೇ ಕೀಳೆಂಬ ಲೆಕ್ಕದಲ್ಲಿ ಬರೆಯಲ್ಪಟ್ಟವರಿಗೆ ಈ ಅಳಿಸುವಿಕೆ ಎಷ್ಟು ದೊಡ್ಡ ಮಾತೆಂಬುದನ್ನು ವಿವರಿಸಬೇಕಾಗಿಲ್ಲ. ಪೂರ್ವಕರ್ಮವೇ ಸಕಲಕ್ಕೂ ಕಾರಣವೆಂಬ ಸಿದ್ಧಾಂತವು ದೇವರನ್ನು ಕ್ರೌರ್ಯದ ಆರೋಪದಿಂದ ಬಿಡಿಸಿತಾದರೂ ನೊಂದವನನ್ನೇ ತಪ್ಪಿತಸ್ಥನನ್ನಾಗಿ ಮಾಡಿತ್ತು. ಭಕ್ತಿಯ ಬಲವಿದ್ದುದು ಈ ಕೊರತೆಯಲ್ಲಿ.

ಆದರೆ ಅದೇ ಕಾಲದ ಶೈವಾವೇಶಕ್ಕೆ ಇನ್ನೊಂದು ಮುಖವೂ ಇತ್ತು. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು, ಸುಮಾರು ೧೨೦೦ರದು, ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಜೈನರೊಡನೆ ವಿವಾದವಾಗಿ, ತಾನು ತಲೆಯನ್ನು ಕಡಿದು ಶಿವನಿಗೆ ಒಪ್ಪಿಸಿ ಮರಳಿ ಪಡೆಯುವೆನೆಂದು ಅವನು ಪಣ ತೊಟ್ಟನು. ಗೆದ್ದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವುದೆಂದು ಎದುರಾಳಿಗಳು ಓಲೆ ಬರೆದುಕೊಟ್ಟರು. ಏಳು ದಿನಗಳ ಮೇಲೆ ತಲೆ ಮರಳಿತೆಂದು ಶಾಸನ ಹೇಳುತ್ತದೆ. ಜೈನರು ಒಪ್ಪದಿರಲು ಅವನು ಬಿಂಬವನ್ನು ಒಡೆದನು. ದೂರು ಬಿಜ್ಜಳನ ಬಳಿಗೆ ಹೋಗಿ, ರಾಮಯ್ಯನಿಗೇ ಜಯಪತ್ರ ದೊರೆಯಿತು. ಯುಕ್ತಿಯಿಂದ ತೀರದ ಪ್ರಶ್ನೆಯನ್ನು ಪವಾಡದಿಂದ ತೀರಿಸಲಾಯಿತು. ಪವಾಡವನ್ನು ಒಪ್ಪದವರನ್ನು ಕೈಬಲದಿಂದ, ಕಡೆಗೆ ಅರಸನ ಮುದ್ರೆಯಿಂದ ಒಪ್ಪಿಸಲಾಯಿತು. ಹೀಗೆ ಗೆದ್ದುದು ನಂಬಿಕೆಯೇ ಎಂದು ಕೇಳಬೇಕಾಗಿದೆ. ಪವಾಡವನ್ನು ಪರೀಕ್ಷಿಸಬೇಕೆಂಬ ಮಾತು ಮತ್ತೆ ಕನ್ನಡ ನಾಡಿನಲ್ಲಿ ದೊಡ್ಡ ಸುದ್ದಿಯಾದುದು ೧೯೭೬ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಅದಕ್ಕಾಗಿ ಸಮಿತಿಯೊಂದನ್ನು ರಚಿಸಿದಾಗ. ಆಗಲೂ ಪ್ರಶ್ನೆಗಿಂತ ಪ್ರಶ್ನೆ ಕೇಳಬಹುದೇ ಎಂಬ ವಿಷಯವೇ ಹೆಚ್ಚು ಗದ್ದಲವನ್ನೆಬ್ಬಿಸಿತು.

ಅಬ್ಬಲೂರಿಗೆ ಉತ್ತರವೆನ್ನಬಹುದಾದ ಶಾಸನವು ಶ್ರವಣಬೆಳಗೊಳದಲ್ಲಿದೆ. ೧೩೬೮ರಲ್ಲಿ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ಯಾವ ದರ್ಶನ ಸತ್ಯವೆಂದು ವಿಚಾರಣೆ ನಡೆಸಲಿಲ್ಲ, ಪವಾಡವನ್ನು ಕೇಳಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಕಲಶಗಳು ಜೈನರಿಗೂ ಸಲ್ಲತಕ್ಕವೆಂದಾಯಿತು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರ ಮೈಗಾವಲಿಗೆ ಇಪ್ಪತ್ತು ಆಳುಗಳನ್ನು ವೈಷ್ಣವರೇ ನೇಮಿಸಬೇಕು. ಮಿಕ್ಕ ಹಣ ಜಿನಾಲಯಗಳ ಜೀರ್ಣೋದ್ಧಾರಕ್ಕೆ ಸಲ್ಲಬೇಕು. ತಪ್ಪಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ. ಕರ್ತನನ್ನು ಒಪ್ಪದವರ ಬಿಂಬಕ್ಕೆ ಕರ್ತನನ್ನು ಆರಾಧಿಸುವವರನ್ನೇ ಕಾವಲಿಟ್ಟ ಈ ವ್ಯವಸ್ಥೆಯು ಬರಿಯ ಸದ್ಭಾವನೆಯ ಮಾತಲ್ಲ. ಹಣ, ಆಳು, ದಂಡನೆ ಇವುಗಳಿಂದ ಭದ್ರಪಡಿಸಿದ ಒಪ್ಪಂದ.

ಈ ಮನೋಧರ್ಮಕ್ಕೆ ಬೇರು ಹಳೆಯದೇ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂಬ ಭಾವವು ಕವಿರಾಜಮಾರ್ಗದಲ್ಲಿದೆ. ಅದು ಹುಟ್ಟಿದುದು ಜಿನಸೇನರನ್ನು ಗೌರವಿಸಿದ ನೃಪತುಂಗನ ಆಸ್ಥಾನದಲ್ಲಿಯೇ. ಬೇಲೂರಿನ ಕೇಶವಾಲಯದ ಶಾಸನಶ್ಲೋಕವೊಂದು ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಆರಾಧಿಸುವವನು ಕೇಶವನೊಬ್ಬನೇ ಎನ್ನುತ್ತದೆ. ಇದನ್ನು ಸರ್ವಮತಸಮನ್ವಯವೆಂದು ಕೊಂಡಾಡುವುದು ವಾಡಿಕೆ. ಆದರೆ ಬೇರೆಯವರ ನಿರಾಕರಣೆಯನ್ನು ತನ್ನ ದೇವರಿಗೇ ಇನ್ನೊಂದು ಹೆಸರನ್ನಾಗಿ ಮಾಡಿಕೊಂಡರೆ ಅವರ ಮಾತನ್ನು ಪೂರ್ತಿಯಾಗಿ ಕೇಳಿದಂತಾಗುವುದಿಲ್ಲ. ಕರ್ತನೆಂಬುದೂ ಕರ್ಮವೆಂಬುದೂ ಒಂದೇ ವಸ್ತುವಿನ ಹೆಸರುಗಳೆಂದು ಜಿನಸೇನರಾಗಲಿ ಕುಮಾರಿಲನಾಗಲಿ ಒಪ್ಪುತ್ತಿರಲಿಲ್ಲ. ಭೇದವನ್ನು ಅಳಿಸದೆ ಅದನ್ನು ಕಾಯುವುದು ಹೆಚ್ಚು ಕಷ್ಟವಾದ ಕೆಲಸ. ಬೆಳಗೊಳದ ಶಾಸನವೂ ದರ್ಶನಗಳಿಗೆ ಭೇದವಿಲ್ಲವೆಂದು ಬಾಯಲ್ಲಿ ಹೇಳಿತಾದರೂ ಕಾರ್ಯದಲ್ಲಿ ಮಾಡಿದುದು ಈ ಕಷ್ಟದ ಕೆಲಸವನ್ನೇ.

ಜನರು ದೇವರನ್ನು ನಂಬುವುದೇಕೆ, ನಂಬದಿರುವುದೇಕೆ ಎಂಬ ಪ್ರಶ್ನೆಗೆ ಈ ಐದು ಶತಮಾನಗಳ ಚರಿತ್ರೆಯು ಕೊಡುವ ಉತ್ತರ ಸರಳವಾದುದು. ಇಬ್ಬರೂ ಹೊರಡುವುದು ಒಂದೇ ಸ್ಥಳದಿಂದ, ಕಾರಣ ತಿಳಿಯದ ದುಃಖದಿಂದ. ಕರುಣಾಳುವಾದ ಒಡೆಯನಿದ್ದರೆ ಇದು ಆಗುತ್ತಿರಲಿಲ್ಲವೆಂದು ಒಬ್ಬನು ತಿರುಗುತ್ತಾನೆ. ಅಂಥವನಿಲ್ಲದಿದ್ದರೆ ಇದನ್ನು ಸಹಿಸುವುದೆಂತೆಂದು ಇನ್ನೊಬ್ಬನು ತಿರುಗುತ್ತಾನೆ. ತರ್ಕವು ಅನಂತರ ಬಂದು ಇಬ್ಬರಿಗೂ ಸೇವೆ ಸಲ್ಲಿಸುತ್ತದೆ. ಮಹಾಮತಿಯಂತೆ ಲೆಕ್ಕವನ್ನೇ ಅಲ್ಲಗಳೆಯುವವರು ಆಗ ವಿರಳ, ಈಗ ಹೆಚ್ಚು. ಆದರೂ ದುಃಖಕ್ಕೆ ಯಾರು ಹೊಣೆಯೆಂಬ ಪ್ರಶ್ನೆಯಿಂದ ಅವರೂ ಬಿಡುಗಡೆ ಹೊಂದಿಲ್ಲ. ಒಡೆಯನೂ ಪೂರ್ವಜನ್ಮವೂ ಇಲ್ಲದ ಮೇಲೆ ಆ ಹೊಣೆ ಬದುಕಿರುವ ಮನುಷ್ಯರ ಮೇಲೆಯೇ ಬೀಳುತ್ತದೆ. ಬುಕ್ಕರಾಯನ ಕಾಲದಲ್ಲಿ ಆ ಹೊಣೆಯು ಮನೆಗೆ ಒಂದು ಹಣವಾಗಿಯೂ ಇಪ್ಪತ್ತು ಜನ ಕಾವಲುಗಾರರಾಗಿಯೂ ರೂಪತಾಳಿತ್ತು.